ಪಾಂಡಿಚೇರಿಯಲ್ಲಿ ತೋತಾಪುರಿ

ಜೂನ್ 14, ಶನಿವಾರ

ಶೋಭಾ ಗೋಡೆಯ ಕಡೆ ತಿರುಗಿ ಮಲಗಿದ್ದಾಳೆ. ನಿದ್ದೆ ಬಂದಿಲ್ಲ, ನನಗೆ ಗೊತ್ತು.

ನಮ್ಮ ಮದುವೆಯ ದಿನ ಪ್ರತಿ ವರ್ಷವೂ ಮಾವಿನ ಕೊಯ್ಲಿನಲ್ಲೇ ಬರುತ್ತದೆ. ಈ ಸಲ ಗೌನಿಪಲ್ಲಿಯ ತೋಪನ್ನು ಗುತ್ತಿಗೆಗೆ ಕೊಟ್ಟಿದ್ದರಿಂದ ಮೊದಲ ಬಾರಿ ಇಬ್ಬರೇ ಸಮುದ್ರ ನೋಡಲು ಬಂದೆವು. ಬಸ್ಸಿನಲ್ಲೇ ಹೇಳಿದ್ದಳು, "ರೀ, ಎರಡು ದಿನ ಮಾವಿನಕಾಯಿ ಮಾತು ಎತ್ಬೇಡಿ."

ಸಂಜೆ ಕಡಲೆದುರಿನ ಹೋಟೆಲಿನ ಮಹಡಿಯ ಮೇಲೆ ಊಟ. ದೀಪದ ಸರ, ಹಾಡುವವರು, ಕುಣಿಯುವ ಜೋಡಿಗಳು. ಶೋಭಾ ಹೊಸ ಸೀರೆ ಉಟ್ಟಿದ್ದಳು. ಆಲ್ಫಾನ್ಸೋ ಜ್ಯೂಸ್ ಎಂದು ತಂದಿಟ್ಟರು. ಒಂದೇ ಗುಟುಕಿಗೆ ತೋತಾಪುರಿ ಎಂದು ಗೊತ್ತಾಯಿತು. ಸುಮ್ಮನೆ ಕುಡಿದಿದ್ದರೆ ಏನು ಹೋಗುತ್ತಿತ್ತು? "ಈಗ ಬಂದೆ" ಎಂದು ಎದ್ದು ಅಡಿಗೆಮನೆಗೆ ಹೋದೆ, ಜಗಳಕ್ಕೆ.

ಅಡಿಗೆಯವನು ಚಿತ್ತೂರಿನವನು. "ಮೀದಿ ಏ ಊರನ್ನಾ?" ಎಂದು ಅವನು ತೆಲುಗಿನಲ್ಲಿ ನನ್ನ ಊರು ಕೇಳಿದ್ದೇ ತಡ, ಜಗಳ ಮರೆತೆ. ಅವನ ಮನೆಯಲ್ಲೂ ತೋಪಿದೆಯಂತೆ. ಹೂವು, ಹೂವಿಗೆ ಬೀಳುವ ಜಿಗಿಹುಳು, ಮಂಡಿಯ ರೇಟು ಎಂದು ಮಾತು ಬೆಳೆಯಿತು. ಎಷ್ಟು ಹೊತ್ತು ನಿಂತೆನೋ.

ವಾಪಸ್ ಬಂದಾಗ ನನ್ನ ತಟ್ಟೆಯ ಮೀನು ತಣ್ಣಗಾಗಿತ್ತು.

"ನಮ್ಮಿಬ್ರ ಹೆಸರು ಕರೆದ್ರು. ನಾನೇ ಹೇಳಿ ಒಂದು ಹಾಡು ಹಾಡಿಸಿದ್ದೆ. ಎಲ್ರೂ ಚಪ್ಪಾಳೆ ತಟ್ಟಿದ್ರು. ಒಬ್ಬಳೇ ಎದ್ದು ನಿಂತೆ, ಮತ್ತೆ ಕೂತ್ಕೊಂಡೆ."

ದನಿಯಲ್ಲಿ ಕೋಪವಿರಲಿಲ್ಲ. ಅದೇ ಕೊರೆಯುತ್ತಿದೆ.

ರೂಮಿಗೆ ಬರುವ ದಾರಿಯಲ್ಲಿ ಅಡಿಗೆಯವನ ವಿಷಯ ಹೇಳಿ ಸಮಾಧಾನ ಮಾಡಲು ನೋಡಿದೆ. ಆಮೇಲೆ ಕೇಳಿದೆ, ಯಾವ ಹಾಡು ಎಂದು.

ಅವಳು ಅಲೆಗಳ ಕಡೆ ನೋಡುತ್ತಾ ಕೇಳಿದಳು, "ಚಿತ್ತೂರಲ್ಲಿ ತೋತಾಪುರಿ ರೇಟು ಎಷ್ಟಂತೆ?"

ಎಷ್ಟೆಂದು ಹೇಳಿಬಿಟ್ಟೆ.