ಐದನೆಯ ಪದ

ಡುಡ್ಲಾಂಜ್,
ಮಾರ್ಚ್ ೧೧, ಬುಧವಾರ

ಪ್ರೀತಿಯ ಮಗಳು ಜೋಸಿಯಾನ್‌ಗೆ,

ನಿನ್ನ ಮಂಡಿನೋವು ಹೇಗಿದೆ? ಡಬ್ಲಿನ್ನಿನ ಥಂಡಿಯಲ್ಲಿ ಸೈಕಲ್ ತುಳಿಯಬೇಡವೆಂದರೆ ಕೇಳುವವಳಲ್ಲ ನೀನು. ಅಳಿಯ ಫರ್ಗಲ್‌ಗೆ ‘ಐ ಆಮ್ ಕ್ವೈಟ್ ವೆಲ್, ಥ್ಯಾಂಕಿಂಗ್ ಯು’ ಎಂದಿದ್ದೇನೆಂದು ಹೇಳು. ಕಾಲೇಜಿನ ಇಂಗ್ಲಿಷಿನಲ್ಲಿ ಉಳಿದಿರುವುದು ಅಷ್ಟೇ. ಅದರ ಚಿಂತೆಯಿಲ್ಲ, ಅದು ಐವತ್ತು ವರ್ಷದಿಂದಲೂ ಅರ್ಧಂಬರ್ಧವೇ.

ನೀನು ಹಟ ಹಿಡಿದೆಯೆಂದು ಸೋಮವಾರ ಮರೆವಿನ ಪರೀಕ್ಷೆಗೆ ಹೋಗಿಬಂದೆ. ಡಾಕ್ಟರು ದಿನಾ ಗಡಿಯಾಚೆಯಿಂದ ಬಂದುಹೋಗುವವರು, ಫ್ರೆಂಚ್ ಬಿಟ್ಟರೆ ಬೇರೆ ಬಾರದು. ಪಕ್ಕದಲ್ಲಿ ನಮ್ಮೂರ ನರ್ಸ್ ಒಬ್ಬಳಿದ್ದಳು. ನೂರರಿಂದ ಏಳೇಳು ಕಳೆಯುತ್ತ ಬನ್ನಿ ಎಂದರು. ಶಾಲೆಯಲ್ಲಿ ಮಗ್ಗಿ ಕಲಿತದ್ದು ಜರ್ಮನಿನಲ್ಲಿ, ಹಾಗಾಗಿ ಅದರಲ್ಲೇ ಕಳೆದೆ. ಆಮೇಲೆ ಅವರೇ ಐದು ಪದ ಹೇಳಿಕೊಟ್ಟು, ಬೇರೆ ಏನೇನೋ ಕೇಳಿ, ಈಗ ಆ ಐದನ್ನೂ ನೆನಪಿನಿಂದ ಹೇಳಿ ಎಂದರು. ಸೇತುವೆಯನ್ನು ಫ್ರೆಂಚಿನಲ್ಲಿ ಹೇಳಿದೆ. ಪೇರ್‌ಹಣ್ಣು ಜರ್ಮನಿನಲ್ಲಿ ಬಂತು, ಒಲೆ ನಮ್ಮ ಮನೆಮಾತಿನಲ್ಲಿ. ಗಂಟೆ ಎನ್ನಲು ಉಕ್ಕಿನ ಕಾರ್ಖಾನೆಯ ಗೆಳೆಯರಿಂದ ಕಲಿತ ಇಟಾಲಿಯನ್ನೇ ಗತಿಯಾಯಿತು. ಕೊನೆಗೆ ಕನ್ನಡಕ. ನರ್ಸ್ ನಕ್ಕಳು: “ಇಲ್ಲಿ ಎಲ್ರೂ ಹೀಗೇ ಡಾಕ್ಟ್ರೇ, ಐದೂ ಸರಿ. ಅಜ್ಜ ಪಾಸು ಅಂತ ಬರ್ಕೊಳ್ಳಿ.”

ಹಲವು ಭಾಷೆ ಆಡುವವರಲ್ಲಿ ಮರೆವು ತಡವಾಗಿ ಕಾಣಿಸಿಕೊಳ್ಳುತ್ತದಂತೆ. ಡಾಕ್ಟರು ಖುಷಿಯಿಂದಲೇ ಹೇಳಿದರು. ಕಂಡಾಗ ಏನು ಗತಿ ಎಂದೆ. “ಕಾಣೋ ಹೊತ್ತಿಗೆ ಒಳಗೆ ಅದು ಬಹಳ ದೂರ ಬಂದಿರಬಹುದು” ಅಂದರು. ಅಂದಿನಿಂದ ಊಟ ರುಚಿಸುತ್ತಿಲ್ಲ, ಮಗಳೇ.

ಏಕೆಂದರೆ ನಾನು ಬೇಕೆಂದು ಬೆರೆಸಲಿಲ್ಲ. ಒಂದು ಬಾಗಿಲು ತಟ್ಟಿದೆ, ತೆರೆಯಲಿಲ್ಲ, ಪಕ್ಕದ್ದನ್ನು ತಟ್ಟಿದೆ. ಬೇಕರಿಯಲ್ಲಿ, ಅಂಚೆಕಚೇರಿಯಲ್ಲಿ ದಿನವೂ ನಡೆಯುತ್ತಿರುವುದು ಇದೇ. ಯಾವ ಮಾತು ಬಾಯಿಗೆ ಬಂದರೂ ಈ ಊರಿನಲ್ಲಿ ಸಲ್ಲುತ್ತದೆ, ಯಾರಿಗೂ ಅನುಮಾನ ಬರುವುದಿಲ್ಲ. ನಿನ್ನಮ್ಮ ಇದ್ದಿದ್ದರೆ ಹಿಡಿದುಬಿಡುತ್ತಿದ್ದಳು. “ನಾಲ್ಕು ಭಾಷೆ ಬರುತ್ತೆ ಅಂತ ಜಂಬ ಬೇರೆ, ಉಪ್ಪು ತರೋದನ್ನ ನಾಲ್ಕರಲ್ಲೂ ಮರೀತೀರಲ್ರೀ” ಎನ್ನುತ್ತಿದ್ದಳಲ್ಲ, ನೆನಪಿದೆಯೇ? ನನಗಿದೆ. ಇದೆ ಎಂದು ದಿನಕ್ಕೆರಡು ಬಾರಿ ಹೇಳಿಕೊಂಡು ನೋಡುತ್ತೇನೆ.

ಕಿಟಕಿಯ ಜೆರೇನಿಯಂ ಗಿಡ ಚಳಿಗೆ ಸಾಯಲಿಲ್ಲ. ನೀವಿಬ್ಬರೂ ನೂರು ಕಾಲ ಸುಖವಾಗಿರಿ.

ನಿನ್ನ ಅಪ್ಪ,
ಮೆಟಿ

ಮರೆತಿದ್ದೆ. ಮರೆತಿರಲಿಲ್ಲ, ಬರೆಯಲು ಧೈರ್ಯವಾಗಿರಲಿಲ್ಲ. ಆ ಐದನೆಯ ಪದ ನನಗೆ ಯಾವ ಭಾಷೆಯಲ್ಲೂ ನೆನಪಿಗೆ ಬರಲಿಲ್ಲ. ಡಾಕ್ಟರ ಮೂಗಿನ ಮೇಲೆ ಕಂಡದ್ದನ್ನು ಹೇಳಿದೆ, ಅದೇ ಸರಿಯಾಗಿಬಿಟ್ಟಿತು. ಭಾನುವಾರ ಫೋನು ಮಾಡಿದಾಗ ಮನೆಮಾತೊಂದರಲ್ಲೇ ಮಾತಾಡಿಸು, ಬೇರೆ ಭಾಷೆಗೆ ಜಾರಲು ಬಿಡಬೇಡ. ನಾನು ನಕ್ಕು ಮಾತು ಹಾರಿಸಿದರೆ ನೀನು ನಗಬೇಡ. ಹೊರಟು ಬಾ.