ಅಡ್ಡಹೆಸರಿನ ಅರ್ಥ

೨೫ ನವೆಂಬರ್ ೨೦೨೪, ಸೋಮವಾರ. ಬೆಳಿಗ್ಗೆ

ಆಮಂತ್ರಣ ಪತ್ರಿಕೆಯ ಕರಡು ಮತ್ತೊಮ್ಮೆ ತಿದ್ದಿದೆ. 'ಹಾರ್ಧಿಕ' ಎಂದು ಮಹಾಪ್ರಾಣ ಹಾಕಿದ್ದಾರೆ. ಮುದ್ರಣಾಲಯದವರ ಹೃದಯದಲ್ಲಿ ಅಷ್ಟು ಉಸಿರು ಎಲ್ಲಿಂದ ಬರುತ್ತದೋ!

ಡಿಸೆಂಬರ್ ಎಂಟರಂದು ಇಲ್ಲಿ ಇಂಡಿಯಲ್ಲಿ ನಿವೃತ್ತ ಶಿಕ್ಷಕರ ಬಳಗದ ಸಭೆ. ಅತಿಥಿ ಇಂಗ್ಲೆಂಡಿನವರು. ಅವರೂ ನಿವೃತ್ತ ಶಿಕ್ಷಕಿ. ಸಾಲೋಟಗಿಯ ಶಾಸನ ನೋಡಲು ಬರುತ್ತಿದ್ದಾರಂತೆ. ಸಾವಿರ ವರ್ಷದ ಹಿಂದೆ ಶಾಲೆಗೆಂದು ಭೂಮಿ ಬಿಟ್ಟುಕೊಟ್ಟ ಕಲ್ಲನ್ನು ನೋಡಲು ಅಷ್ಟು ದೂರದಿಂದ! ಕಾಣುವ ಮೊದಲೇ ಗೌರವ ಮೂಡಿತು.

ಸ್ವಾಗತ ಭಾಷಣ ಎಂದಿನಂತೆ ನನ್ನದು. ಅತಿಥಿಯ ಹೆಸರಿನ ಅರ್ಥ ಬಿಡಿಸದೆ ನಾನು ಮಾಲೆ ಹಾಕಿದವನಲ್ಲ. ಡಾಕ್ಟರ್ ಪತ್ತಾರರು ಬಂದಾಗ, "ಇವರ ಹಿರಿಯರು ಚಿನ್ನ ಹಿಡಿದು ಪರೀಕ್ಷಿಸಿದರು, ಇವರು ನಾಡಿ ಹಿಡಿದು ಪರೀಕ್ಷಿಸುತ್ತಾರೆ" ಎಂದಿದ್ದೆ. ಜನ ಇಂದಿಗೂ ನೆನೆಯುತ್ತಾರೆ. ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ... ಎಲ್ಲಿ ಸಭೆಯಾದರೂ ಸ್ವಾಗತಕ್ಕೆ ನನಗೇ ಕರೆ. ಜಂಬವಲ್ಲ. ಇದ್ದದ್ದು.

ಅದೇ ದಿನ, ಸಂಜೆ

ಬಳಗದ ಅಧ್ಯಕ್ಷ ಪ್ರಹ್ಲಾದ ಬಂದಿದ್ದ. ನನ್ನ ಜೊತೆಗೇ ಮಾಸ್ತರಿಕೆ ಹಿಡಿದು ಹೆಡ್‌ಮಾಸ್ತರನಾಗಿ ನಿವೃತ್ತನಾದವನು. ಅತಿಥಿಯ ಪೂರ್ಣ ಹೆಸರು ತಂದಿದ್ದಾನೆ: ಮಾರ್ಗರೆಟ್ ಕೌವರ್ಡ್. ಕೌವರ್ಡ್ ಅಡ್ಡಹೆಸರು, ಅಂದರೆ ಮನೆತನದ ಹೆಸರು.

ಇಂಗ್ಲಿಷ್–ಕನ್ನಡ ನಿಘಂಟು ತೆರೆದೆ. ಮತ್ತೆ ಮುಚ್ಚಿದೆ.

"ಏನದರಿ ಗೌಳಿ ಮಾಸ್ತರ, ಏನಂತ ಅದ?"

"ಹೇಡಿ. ಪುಕ್ಕಲ."

ಪ್ರಹ್ಲಾದ ಟೋಪಿ ತೆಗೆದು ತಲೆ ಕೆರೆದುಕೊಂಡ. "ಮಾಲಿ ಹಾಕಿ, ಶಾಲು ಹೊಚ್ಚಿ, 'ಹೇಡಿಗೆ ಸ್ವಾಗತ' ಅನ್ನೋದೇನ್ರಿ? ಅಡ್ಡಹೆಸರು ಬಿಟ್ಟಬಿಡ್ರಿ. ಬರೇ ಮಾರ್ಗರೆಟ್ ಬಾಯಿ ಅಂದರ ಆತು."

"ಅರ್ಧ ಹೆಸರಿಂದ ಯಾರನ್ನೂ ಕರದಾಂವ ಅಲ್ಲ ನಾ."

"ಹಟ ಬ್ಯಾಡ್ರಿ. ಕಾಲೇಜಿನವರು ಬರವರಿದ್ದಾರ. ಅವರಿಗೆಲ್ಲಾ ಆ ಶಬ್ದದ ಅರ್ಥ ಗೊತ್ತದ. ಒಬ್ಬಾಂವ ಕಿಸಕ್ಕಂದರ ಸಾಕು, ಇಡೀ ಹಾಲ್ ನಗತದ. ಆ ಹೆಣ್ಣಮಗಳ ಮಾರಿ ನೋಡೋದು ಹ್ಯಾಂಗ ಆಮ್ಯಾಲೆ?"

ಅದು ನಿಜ. ಅಷ್ಟು ದೂರದಿಂದ ಬರುವ ಅತಿಥಿಗೆ ನಮ್ಮ ಊರಿನಲ್ಲಿ ಅವಮಾನ ಆಗಕೂಡದು. ಆದರೆ ಹೆಸರು ನುಂಗುವುದೂ ಅವಮಾನವೇ ಅಲ್ಲವೆ?

೨೮ ನವೆಂಬರ್, ಗುರುವಾರ

'ಕೌ' ಎಂದರೆ ಆಕಳು. ಅದು ಮೂರನೆಯ ಇಯತ್ತೆಯ ಹುಡುಗನಿಗೂ ಗೊತ್ತು. ಹೆಸರಿನಲ್ಲಿ ಆಕಳು ಅಡಗಿರಬಹುದೆ? ಊಹೆ. ಊಹೆ ಪ್ರಮಾಣವಾಗಲಾರದು. ಪರೀಕ್ಷೆಯಲ್ಲಿ ಊಹಿಸಿ ಬರೆದವರಿಗೆ ನಾನೇ ಸೊನ್ನೆ ಕೊಟ್ಟಿದ್ದೇನೆ.

ಬಜಾರದಲ್ಲಿ ಹಿಂದಿನಿಂದ ಯಾರೋ 'ಲೊಚ್ ಲೊಚ್' ಎಂದರು. ಹಳೆಯ ವಿದ್ಯಾರ್ಥಿಯೇ ಇರಬೇಕು. ನನ್ನ ಅಡ್ಡಹೆಸರು ಗೌಳಿ, ಗೋಡೆಯ ಮೇಲಿನ ಹಲ್ಲಿಗೂ ಗೌಳಿ ಎನ್ನುತ್ತಾರೆ—ಇಷ್ಟು ಸಾಕಾಯಿತು. ಕಪ್ಪುಹಲಗೆಯತ್ತ ಮುಖ ಮಾಡಿದೊಡನೆ ಹಿಂದಿನ ಬೆಂಚಿನಿಂದ ಲೊಚಗುಟ್ಟುವಿಕೆ. ಸೇವೆಯುದ್ದಕ್ಕೂ. ಎಂದೂ ತಿರುಗಿ ನೋಡಿಲ್ಲ. ಇಂದೂ ನೋಡಲಿಲ್ಲ.

೨ ಡಿಸೆಂಬರ್, ಸೋಮವಾರ

ಸಿಂದಗಿಗೆ ಹೋಗಿ ಬಂದೆ. ನಜಮಾ ಅಲ್ಲಿ ಇಂಗ್ಲಿಷ್ ಉಪನ್ಯಾಸಕಿ. ನನ್ನ ಕೈಯಲ್ಲಿ ಕನ್ನಡ ಕಲಿತ ಹುಡುಗಿ. ಒತ್ತಕ್ಷರ ಎಂದೂ ತಪ್ಪಿದವಳಲ್ಲ. ಕೇಳಲು ಸಂಕೋಚವಾಗಿತ್ತು. ಚಹಾ ಮುಗಿಯುವವರೆಗೂ ಮಳೆ-ಬೆಳೆ ಮಾತಾಡಿದೆ. ಅವಳೇ ಎಂದಳು:

"ಸರ್, ತೊಗರಿ ರೇಟು ಕೇಳಾಕ ಬಸ್ ಹತ್ತಿ ಬಂದಿಲ್ಲ ನೀವು. ಏನಾಗಬೇಕಿತ್ತು ಹೇಳ್ರಿ."

ಹೇಳಿದೆ. ಮನೆತನದ ಹೆಸರುಗಳದೇ ಒಂದು ನಿಘಂಟು ಇದೆಯಂತೆ ಇಂಗ್ಲಿಷಿನಲ್ಲಿ. ಕಾಲೇಜಿನ ಗ್ರಂಥಾಲಯದಿಂದ ತರಿಸಿ, ಬೆರಳಿಟ್ಟು ಓದಿದಳು.

"ಬೇರೆ ಬೇರೆ ಶಬ್ದ ಅದಾವ್ರಿ ಸರ್. ಹೇಡಿ ಅನ್ನೋದು ಹಳೇ ಫ್ರೆಂಚಿನಿಂದ ಬಂದೈತಿ. ಬಾಲ ಅನ್ನೋ ಶಬ್ದದಿಂದ. ನಾಯಿ ಹೆದರಿ ಬಾಲ ಮುದುರತೈತಲ್ರಿ, ಹಂಗ. ಅಡ್ಡಹೆಸರಿನ ಕೌವರ್ಡ್ ಹಳೇ ಇಂಗ್ಲಿಷಿಂದು. ಕೌ-ಹರ್ಡ್. ಆಕಳಾ ಕಾಯಾಂವ. ಬಾಯಾಗ ಸವದು ಸವದು ಎರಡೂ ಒಂದ ಆಗ್ಯಾವ."

ಉದ್ಯೋಗದಿಂದ ಬಂದ ಹೆಸರು! ಅಲ್ಲಿಯೂ ನಮ್ಮಂತೆಯೇ. ಸ್ಮಿತ್ ಎಂದರೆ ಕಂಬಾರ, ಪಾಟರ್ ಎಂದರೆ ಕುಂಬಾರ.

"ನಮ್ಮ ಕಡೆ ಎಲ್ಲಿ ನೋಡಿದಲ್ಲಿ ಪಾಟೀಲ್ರು ಇದ್ದಂಗ ಅಲ್ಲಿ ಸ್ಮಿತ್‌ಗೋಳ್ರಿ. ಕೌವರ್ಡ್ ಕಡಿಮಿ. ಜನ ನಗ್ತಾರಂತ ಹೆಸರು ಬದಲಿ ಮಾಡ್ಕೊಂಡವರೂ ಇರಬೇಕು."

ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು. ಕಬ್ಬಿನ ಗಾಡಿಗಳು. ಬೇರು ಎರಡು, ರೂಪ ಒಂದು. ಅದರಲ್ಲಿ ಒಂದು ದನ ಕಾಯುವ ಮನೆತನ. ಇನ್ನೊಂದು ನಗೆಗೀಡು. ಇಂಥ ಹೆಸರನ್ನು ಎಲ್ಲಿಯೋ ಕೇಳಿದ್ದೇನಲ್ಲ...

ತಾಂಬಾ ಊರು ದಾಟುವಾಗ ಒಬ್ಬನೇ ಜೋರಾಗಿ ನಕ್ಕೆ. ಕಂಡಕ್ಟರ್ ಎರಡು ಸಲ ನೋಡಿದ.

೬ ಡಿಸೆಂಬರ್, ಶುಕ್ರವಾರ

ಪ್ರಹ್ಲಾದನಿಗೆ ಇನ್ನೂ ಧೈರ್ಯವಿಲ್ಲ. "ನಿಮ್ಮ ವ್ಯುತ್ಪತ್ತಿ ತನಕಾ ಕಾಯತಾರೇನ್ರಿ ಜನ? ಮೊದಲ ನಕ್ಕು ಆಮ್ಯಾಲೆ ಕೇಳತಾರ."

ಅದಕ್ಕೂ ಉತ್ತರ ಸಿದ್ಧವಿದೆ. ಹೇಳಲಿಲ್ಲ. ಭಾಷಣ ಮೊದಲೇ ಬಿಟ್ಟುಕೊಟ್ಟರೆ ಒಗ್ಗರಣೆ ಆರಿದ ಪಲ್ಯದಂತೆ.

ಹೆಂಡತಿ ಶೇವಂತೆವ್ವನ ಮುಂದೆ ಮಾತ್ರ ಓದಿದೆ. ರೊಟ್ಟಿ ಬಡಿಯುತ್ತಲೇ ಕೇಳಿದಳು. ಅಷ್ಟರಲ್ಲಿ ಗೋಡೆಯ ಮೇಲೆ ಗೌಳಿ ನುಡಿಯಿತು. ಹಿಟ್ಟಿನ ಬೆರಳಿನಿಂದ ನೆಲ ತಟ್ಟಿ "ಕೃಷ್ಣ ಕೃಷ್ಣ" ಎಂದಳು. "ಖರೆ ಆಕ್ಕೈತಿ ಬಿಡ್ರಿ."

ಆ ಕೃಷ್ಣನೂ ದನ ಕಾದವನೇ. ಇದನ್ನು ಭಾಷಣದಲ್ಲಿ ಸೇರಿಸಲೆ? ಬೇಡ. ಹೆಚ್ಚಾದೀತು.

೮ ಡಿಸೆಂಬರ್, ರವಿವಾರ. ಸಂಜೆ

ಹಾಲ್ ತುಂಬಿತ್ತು. ಆಕೆ ನೆಟ್ಟಗೆ ಕುಳಿತಿದ್ದರು, ಹತ್ತಿಯ ಬಿಳಿ ಉಡುಪಿನಲ್ಲಿ. ಪಕ್ಕದಲ್ಲಿ ನಜಮಾ, ಕಿವಿಯಲ್ಲಿ ಅನುವಾದ ಹೇಳಲು.

"ಶ್ರೀಮತಿ ಮಾರ್ಗರೆಟ್ ಕೌವರ್ಡ್ ಅವರಿಗೆ ಸ್ವಾಗತ" ಎಂದೆ.

ಪ್ರಹ್ಲಾದ ಹೇಳಿದಂತೆಯೇ ಆಯಿತು. ಹಿಂದಿನ ಸಾಲಿನಲ್ಲಿ ಕಿಸಕ್ ಎಂದಿತು ಒಂದು ದನಿ. ಅದರ ಹಿಂದೆ ಹಲವು. ಆಕೆಗೆ ಭಾಷೆ ತಿಳಿಯದಿದ್ದರೂ ಆ ನಗು ತಿಳಿಯಿತು. ಮುಖದ ಮೇಲಿನ ಮುಗುಳ್ನಗೆ ಹಾಗೆಯೇ ಗಟ್ಟಿಯಾಗಿ ನಿಂತಿತು. ನನಗೆ ಆ ಮುಗುಳ್ನಗೆ ಪರಿಚಿತ. ಸೇವೆಯುದ್ದಕ್ಕೂ ನನ್ನ ಮುಖದ ಮೇಲೆ ಇದ್ದದ್ದು ಅದೇ.

ಕಾಗದ ಮಡಚಿದೆ. ಮೈಕಿಗೆ ಬಾಯಿಟ್ಟು, ಸ್ಪಷ್ಟವಾಗಿ:

"ಲೊಚ್. ಲೊಚ್. ಲೊಚ್."

ಮರುಕ್ಷಣ ಇಡೀ ಹಾಲ್ ನಕ್ಕಿತು. ನಗಲು ಬಿಟ್ಟೆ. ಬಳಿಕ ಹೇಳಿದೆ:

"ಈ ಸದ್ದು ನಿಮ್ಮಲ್ಲಿ ಬಹಳ ಜನಕ್ಕೆ ಬಾಯಿಪಾಠವಿದೆ. ನೀವು ಹಲ್ಲಿಯನ್ನು ಕೂಗಿದಿರಿ. ನಮ್ಮ ಮನೆತನದ ಹೆಸರು ಆಕಳು, ಎಮ್ಮೆ ಕಾಯ್ದು ಬಂದದ್ದು. ಒಂದೇ ರೂಪ, ಬೇರೆ ಅರ್ಥ. ಈ ತಾಯಿಯ ಹೆಸರೂ ಹಾಗೆಯೇ. ನೀವು ಹೇಡಿಯನ್ನು ಕೇಳಿದಿರಿ. ಅವರ ಹಿರಿಯರು ಆಕಳು ಕಾದವರು. ಕೌವರ್ಡ್ ಎಂದರೆ ಗೌಳಿ. ಇಂದು ನಾನು ಸ್ವಾಗತಿಸುತ್ತಿರುವುದು ಪರದೇಶದವರನ್ನಲ್ಲ, ನನ್ನ ಅಡ್ಡಹೆಸರಿನವರನ್ನು."

ನಜಮಾ ಹೇಳುತ್ತ ಹೋದಂತೆ ಆಕೆಯ ಕೈ ಬಾಯಿಗೆ ಹೋಯಿತು. ಎದ್ದು ಬಂದರು. ಮಾಲೆಯನ್ನು ನಾನು ಹಾಕುವ ಮೊದಲೇ ಕೈಯಿಂದ ತೆಗೆದುಕೊಂಡು ನನ್ನ ಕೊರಳಿಗೆ ಹಾಕಿದರು. ಮೈಕ್ ಹಿಡಿದು ಏನೋ ಹೇಳಿದರು. ನಜಮಾ ನಗು ತಡೆಯುತ್ತ:

"ಮದುವಿ ಆದಾಗ ಗಂಡನ ಹೆಸರು ಸ್ಮಿತ್ ಅಂತ ಹಚ್ಕೋಬಹುದಿತ್ತಂತ್ರಿ. ಹುಡುಗ್ರು ನಗೋದು ನಿಲ್ಲತಿತ್ತು. ಆದ್ರೂ ಅಪ್ಪನ ಹೆಸರು ಬಿಡಲಿಲ್ಲಂತ. 'ನನ್ನ ಹೇಡಿ ಬಾಲ ಮುದುರಿ ಓಡತೈತಿ, ನಿಮ್ಮ ಗೌಳಿ ಬಾಲ ಬಿಟ್ಟ ಓಡತೈತಿ. ನಾವಿಬ್ರೂ ಓಡಲಿಲ್ಲ' ಅಂತಾರ್ರಿ ಸರ್."

ಚಪ್ಪಾಳೆ. ಪ್ರಹ್ಲಾದ ಕಣ್ಣೊರೆಸಿಕೊಳ್ಳುತ್ತಿದ್ದ. ಧೂಳು ಎಂದ.

ಊಟಕ್ಕೆ ಮನೆಗೆ ಬಂದಿದ್ದರು. ಶೇವಂತೆವ್ವ ತಾಟಿನ ಮುಂದೆ ಕುಳಿತು, "ನಮ್ಮ ಪೈಕೀನ ಆದರಲ್ಲ! ಕೇಳವಾ ನಜಮಾ, ಅವರ ಕಡೆ ಗೌಳ್ಯಾರೂ ಹಾಲಿಗೆ ನೀರು ಹಾಕ್ತಾರೇನು?" ಆಕೆ ಗಂಭೀರವಾಗಿ ಉತ್ತರಿಸಿದರು: ಮಳೆಯ ದೇಶ, ಹಾಕುವ ಅಗತ್ಯವಿಲ್ಲ, ತಾನೇ ಬೀಳುತ್ತದೆ.

೧೦ ಡಿಸೆಂಬರ್, ಮಂಗಳವಾರ

ಆಭಾರ ಪತ್ರ ತಿದ್ದಿದೆ. 'ಧನ್ಯವಾದ' ಸರಿಯಾಗಿದೆ. ಆಶ್ಚರ್ಯ.

ಬಜಾರಕ್ಕೆ ಹೋಗಿದ್ದೆ. ಕಿರಾಣಿ ಅಂಗಡಿಯ ಮುಂದೆ ಮತ್ತೆ ಹಿಂದಿನಿಂದ 'ಲೊಚ್ ಲೊಚ್'. ಎಂದಿನಂತೆ ತಿರುಗದೆ ಮುಂದೆ ಹೆಜ್ಜೆಯಿಟ್ಟೆ... ನಿಂತೆ. ಅಂಗಡಿಯ ಕಟ್ಟೆಗೆ ಬೆರಳು ತಟ್ಟಿ "ಕೃಷ್ಣ ಕೃಷ್ಣ" ಎಂದೆ. ಹಿಂದೆ ನಗು. ಮೊದಲ ಬಾರಿಗೆ ತಿರುಗಿ ನೋಡಿದೆ. ವಿದ್ಯಾರ್ಥಿಯಲ್ಲ. ಟೋಪಿ, ಕೈಚೀಲ, ತುಟಿ ಇನ್ನೂ ಮುಂದಕ್ಕೆ ಚಾಚಿಕೊಂಡೇ ನಿಂತಿದ್ದಾನೆ ಪ್ರಹ್ಲಾದ! ನಿವೃತ್ತ ಹೆಡ್‌ಮಾಸ್ತರ, ಬಳಗದ ಅಧ್ಯಕ್ಷ! ಹಾಗಾದರೆ ಇಷ್ಟು ವರ್ಷ ಬಜಾರದಲ್ಲಿ—