ಫ್ರಿಜ್ಜಿನಲ್ಲಿಟ್ಟ ಕೊಳವೆ ಮತ್ತು ನಿಮ್ಮ ‘ಅರಿವಿನ ಕೊರತೆ’

ಕರುಳಿನ ಕ್ಯಾನ್ಸರ್ ತಪಾಸಣೆಯ ರಾಷ್ಟ್ರೀಯ ಕಾರ್ಯಕ್ರಮವನ್ನು ಕ್ಯಾನ್‌ಬೆರಾದಲ್ಲಿ ಕೂತು ನಡೆಸುವ ಮಾನ್ಯರೇ,

ನಿಮ್ಮ ವರದಿ ಓದಿದೆ. ನೀವು ಅಂಚೆಯಲ್ಲಿ ಕಳಿಸುವ ತಪಾಸಣೆ ಕಿಟ್ಟುಗಳಲ್ಲಿ ಅರ್ಧಕ್ಕರ್ಧ ವಾಪಸು ಬರುವುದಿಲ್ಲವಂತೆ. ನಮ್ಮಂಥ ದೂರದ ಊರುಗಳಲ್ಲಂತೂ ಪರಿಸ್ಥಿತಿ ಇನ್ನೂ ಕಡೆಯಂತೆ. ಕಾರಣ, ಜನರಲ್ಲಿ ‘ಅರಿವಿನ ಕೊರತೆ’. ಆ ಎರಡು ಪದ ಓದಿ ನನ್ನ ಹೊಟ್ಟೆ ಉರಿಯಿತು. ಕುರಿಯ ಉಣ್ಣೆ ಕತ್ತರಿಸುವ ನಮ್ಮ ಮರ್ವ್ ಟ್ರೆಲೋರ್ ನಿಮ್ಮ ಲೆಕ್ಕದಲ್ಲಿ ಅರಿವಿಲ್ಲದವನು. ಅವನ ಅಪ್ಪ ಸತ್ತದ್ದೇ ಈ ರೋಗದಿಂದ. ಇನ್ನು ಯಾವ ಅರಿವು ಕಡಿಮೆಯಾಗಿತ್ತು, ದಯವಿಟ್ಟು ತಿಳಿಸುತ್ತೀರಾ?

ನಿಮ್ಮ ಸೂಚನಾಪತ್ರ ಬಹಳ ಸೊಗಸಾಗಿದೆ. ಒಂದು ದಿನದ ಮಲವನ್ನು ಕಡ್ಡಿಯಲ್ಲಿ ತೆಗೆದು ಕೊಳವೆಗೆ ಹಾಕಿ ಫ್ರಿಜ್ಜಿನಲ್ಲಿಡಿ, ಇನ್ನೊಂದು ದಿನ ಮತ್ತೊಂದು ಕೊಳವೆ, ಆಮೇಲೆ ಎರಡನ್ನೂ ಅಂಚೆಗೆ ಹಾಕಿ. ಯಾರ ಫ್ರಿಜ್ಜು, ಮಾನ್ಯರೇ? ಉಣ್ಣೆ ಕತ್ತರಿಸುವ ನಮ್ಮ ಗಂಡಸರು ವರ್ಷದ ಒಂಬತ್ತು ತಿಂಗಳು ಒಂದು ಕುರಿ ಸಾಕಣೆ ಕೇಂದ್ರದಿಂದ ಇನ್ನೊಂದಕ್ಕೆ ಅಲೆಯುತ್ತಾರೆ, ತಗಡಿನ ಬಿಡಾರಗಳಲ್ಲಿ ಮಲಗುತ್ತಾರೆ. ಹದಿನಾಲ್ಕು ಜನರಿಗೆ ಒಂದೇ ಫ್ರಿಜ್ಜು. ಅಡುಗೆಯವಳನ್ನು ಕೇಳದೆ ಅದರ ಬಾಗಿಲು ಮುಟ್ಟುವ ಧೈರ್ಯ ಇವರನ್ನೆಲ್ಲ ಕೆಲಸಕ್ಕೆ ಕರೆತರುವ ಗುತ್ತಿಗೆದಾರನಿಗೂ ಇಲ್ಲ. ಆ ಅಡುಗೆಯವಳು ನಾನು.

ಮೂರು ವರ್ಷದ ಹಿಂದೆ, ಒಂದು ಮಧ್ಯಾಹ್ನ, ಕುರಿಮಾಂಸದ ಹಿಂದೆ ಒಂದು ಪೊಟ್ಟಣ ಸಿಕ್ಕಿತು. ಬಿಚ್ಚಿ ನೋಡಿದೆ. ಊಟಕ್ಕೆ ಕೂತವರ ಮುಂದೆ ಅದನ್ನು ಎತ್ತಿ ಹಿಡಿದು ಕೂಗಿದೆ: “ಯಾವನ್ರೋ ಅವನು, ನನ್ನ ಮಾಂಸದ ಪಕ್ಕ ಹೇಲು ತಂದಿಟ್ಟವನು?”

“ಇವತ್ತಿನ ಸ್ಟ್ಯೂಗೆ ಮಸಾಲೆ ಇರ್ಬೇಕು ಬಿಡು!” ಅಂದ ಒಬ್ಬ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಕೊಳವೆಯನ್ನು ಒಲೆಗೆ ಹಾಕಿದೆ. ಮರ್ವ್ ತಟ್ಟೆಯಿಂದ ತಲೆ ಎತ್ತಲಿಲ್ಲ.

ಆಮೇಲೆ, ಕಿಟ್ ಇನ್ನೂ ಬಂದಿಲ್ಲವೆಂದು ನೀವು ಅವನಿಗೆ ನೆನಪೋಲೆ ಕಳಿಸಿದಿರಿ. ಎರಡು ವರ್ಷಕ್ಕೆ ಮತ್ತೊಂದು ಕಿಟ್ ಕಳಿಸಿದಿರಿ. ಅವನು ಅದನ್ನು ಬಿಚ್ಚಲೇ ಇಲ್ಲ. ರಕ್ತ ಬೀಳತೊಡಗಿ ಆಸ್ಪತ್ರೆ ಸೇರುವಷ್ಟರಲ್ಲಿ ರೋಗ ಕರುಳು ದಾಟಿ ಯಕೃತ್ತಿಗೆ ಹಬ್ಬಿತ್ತು. ನೋಡಲು ಹೋದಾಗ ನಗುತ್ತಲೇ ಹೇಳಿದ: “ಅವತ್ತು ಒಲೆಗೆ ಹಾಕ್ದೆಯಲ್ಲ ಗ್ಲೆನಿಸ್, ಅದು ನಂದು.”

“ಅಯ್ಯೋ ಪಾಪಿ, ಆಗ್ಲೇ ಬಾಯಿ ಬಿಡೋಕೇನಾಗಿತ್ತೋ?”

“ಅಷ್ಟು ಜನರ ಮುಂದೆ ಎದ್ದು ನಿಂತು ಏನಂತ ಹೇಳ್ಲಿ ಮಾರಾಯ್ತಿ? ಸಾಯೋವರೆಗೂ ಅದೇ ಹೆಸರಿಟ್ಟು ಕರೀತಿದ್ರು.”

ಆಗಸ್ಟಿನಲ್ಲಿ ಅವನನ್ನು ಮಣ್ಣು ಮಾಡಿದೆವು. ಐವತ್ತೊಂಬತ್ತು ವಯಸ್ಸು. ಬೇಗ ಸಿಕ್ಕಿದರೆ ಹೆಚ್ಚಿನವರು ಬದುಕುತ್ತಾರೆಂದು ನಿಮ್ಮ ವರದಿಯೇ ಹೇಳುತ್ತದೆ. ಆ ಸಾಲು ಓದಿದ ದಿನದಿಂದ ನನಗೆ ಅನ್ನ ಸೇರುತ್ತಿಲ್ಲ.

ನನ್ನ ತಪ್ಪನ್ನು ನಿಮ್ಮ ತಲೆಗೆ ಕಟ್ಟುತ್ತಿಲ್ಲ. ಆದರೆ ಈ ಪೊಟ್ಟಣ ಏನೆಂದು ಅಡುಗೆಯವಳಿಗೆ ಒಂದು ಮಾತು ಹೇಳಬೇಕೆಂದು ನಿಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲವೇ? ಬಣ್ಣದ ಭಿತ್ತಿಪತ್ರ ಸಾಕು ಮಾಡಿ. ಪ್ರತಿ ಬಿಡಾರಕ್ಕೂ ಬೀಗವಿರುವ ಪುಟ್ಟ ತಂಪುಪೆಟ್ಟಿಗೆ ಕೊಡಿ, ಕೊಳವೆ ಒಯ್ಯಲು ನರ್ಸನ್ನು ಕಳಿಸಿ. ಮತ್ತು ನಿಮ್ಮ ದಾಖಲೆಯಲ್ಲಿ ಮರ್ವ್ ಟ್ರೆಲೋರ್ ಹೆಸರಿನ ಮುಂದೆ ‘ಭಾಗವಹಿಸಿಲ್ಲ’ ಎಂದು ಬರೆದಿದ್ದೀರಲ್ಲ, ಅದನ್ನು ಹೊಡೆದುಹಾಕಿ. ಅವನು ಭಾಗವಹಿಸಿದ್ದ. ತಡೆದವಳು ನಾನು, ನನ್ನ ಹೆಸರು ಬರೆದುಕೊಳ್ಳಿ.

ಇಂತಿ,
ಅಡುಗೆಮನೆ ಚೊಕ್ಕವಾಗಿಟ್ಟುಕೊಂಡ,
ಗ್ಲೆನಿಸ್ ಹಾಗನ್